ಬಕೆಟ್ಟಿನ ಸದ್ದು

ದೆವ್ವಕ್ಕೆ ಹೆದರಿ ಯಾರೂ ಬರದ ಕೆಲಸಕ್ಕೆ ಆಯಮ್ಮ ಬಂದಳು. ಮುಚ್ಚಿಹೋದ ಆಸ್ಪತ್ರೆಯನ್ನು ಹೋಟೆಲು ಮಾಡುತ್ತಾರಂತೆ, ಒಳಗೆಲ್ಲ ತೊಳೆದು ಕೊಡುವವರು ಬೇಕಂತೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಬಂದು ಗೇಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಆಳು ಸಿಗದೆ ತಲೆ ಕೆಟ್ಟಿದ್ದ ಮ್ಯಾನೇಜರು ಅವಳ ನರೆತ ತಲೆಯನ್ನೂ ಸೊಟ್ಟಗಾದ ಮೊಣಕಾಲನ್ನೂ ನೋಡಿದ.

"ಅಜ್ಜಿ, ಒಳಗೆ ದೆವ್ವ ಇದೆ ಅಂತಾರೆ. ಗೊತ್ತು ತಾನೆ?"

"ಗೊತ್ತು ಸಾರ್. ನನಗೆ ಅದರ ಭಯ ಇಲ್ಲ."

"ಯಾಕಂತೆ?"

"ಅದಕ್ಕೂ ನನ್ನ ಭಯ ಇಲ್ಲ."

ಮ್ಯಾನೇಜರು ನಕ್ಕುಬಿಟ್ಟ. ನಗಿಸುವ ಬಡವರಿಗೆ ಕೆಲಸ ಬೇಗ ಸಿಗುತ್ತದೆ. ಅದೇ ಹದ ನೋಡಿಕೊಂಡು ಆಯಮ್ಮ ಮೊಮ್ಮಗಳ ಮಾತನ್ನೂ ಎತ್ತಿದಳು. ಹುಟ್ಟಿದಾಗ ಗುಬ್ಬಿಮರಿಯಷ್ಟೇ ಇದ್ದಳೆಂದು ಗುಬ್ಬಿ ಎಂದೇ ಕರೆಸಿಕೊಂಡು ಬೆಳೆದ ಹುಡುಗಿ. ಈಗ ಇಪ್ಪತ್ತರ ಆಸುಪಾಸು. ಹಾಸಿಗೆಗಳು ಬಂದ ಮೇಲೆ ಅವನ್ನು ಹಾಸಲು, ಕೋಣೆ, ಕಕ್ಕಸು ಒಪ್ಪ ಮಾಡಲು ಅವಳು ಇರಲಿ ಎಂದು ಮ್ಯಾನೇಜರು ಒಪ್ಪಿದ.

ತೊಳೆಯುವುದು ಎಂದರೆ ಹೇಳುವವರಿಗೆ ಒಂದೇ ಮಾತು. ಪಾರಿವಾಳದ ಹಿಕ್ಕೆ ಕಲ್ಲಾಗಿ ಕೂತಿತ್ತು. ಅದನ್ನು ಕಬ್ಬಿಣದ ಪಟ್ಟಿಯಲ್ಲಿ ಕೆರೆದು ತೆಗೆಯಬೇಕು. ಕೆರೆದಾಗ ಎದ್ದ ಧೂಳು ಮೂಗಿಗೆ, ಗಂಟಲಿಗೆ, ಕೊನೆಗೆ ಕೆಮ್ಮಿನಲ್ಲಿ ಹೊರಗೆ. ಕಕ್ಕಸಿನ ನೆಲಕ್ಕೆ ಆಸಿಡ್ಡು ಸುರಿದರೆ ಕಣ್ಣು ಉರಿದು ನೀರು ಧಾರೆಯಾಗಿ ಇಳಿಯುತ್ತದೆ. ಒರೆಸಿಕೊಳ್ಳಲು ಕೈ ಎತ್ತುವಂತಿಲ್ಲ, ಕೈಯಲ್ಲೂ ಅದೇ. ಮೊಣಕಾಲಿನ ಕೆಳಗೆ ಗೋಣಿಚೀಲ ಹಾಕಿಕೊಂಡು ಆಯಮ್ಮ ಅಂಬೆಗಾಲಲ್ಲಿ ಉದ್ದುದ್ದ ಹಜಾರಗಳನ್ನು ಉಜ್ಜಿದಳು. ಕೈಗವಸು ಬರುತ್ತೆ, ಬರುತ್ತೆ ಎಂದರು. ಗೋಡೆಯ ಬಣ್ಣ ಬಂತು, ತೂಗುದೀಪ ಬಂತು, ಬಚ್ಚಲಿಗೆ ದೋಣಿಯಂಥ ಬಿಳಿ ತೊಟ್ಟಿ ಬಂತು. ಕೈಗವಸು ಬರಲಿಲ್ಲ.

ಏಣಿಯ ಮೇಲೆ ನಿಂತ ಪೇಂಟರು ಒಬ್ಬನೇ ಅವಳಿಗೆ ಮಾತಿನ ಜೊತೆ.

"ಏನಜ್ಜಿ, ನೀನು ಈ ನೆಲ ಉಜ್ಜೋದು ನೋಡಿದ್ರೆ ಮಗು ಮೈ ತೊಳೆದ ಹಾಗಿದೆ."

"ಹಳೇ ಪರಿಚಯ ಕಣಪ್ಪ. ಇದು ನನ್ನನ್ನ ತಿಂದಿದ್ದೂ ಬಹಳ, ನಾನು ಇದನ್ನ ಉಜ್ಜಿದ್ದೂ ಬಹಳ."

ಸುಳ್ಳಲ್ಲ. ಅವಳ ಹರೆಯವೆಲ್ಲ ಈ ಆಸ್ಪತ್ರೆಯ ನೆಲದ ಮೇಲೆಯೇ ಸವೆದಿತ್ತು. ಆಯಮ್ಮ ಎಂಬ ಹೆಸರು ಅಂಟಿಕೊಂಡಿದ್ದೂ ಇಲ್ಲೇ. ಆಮೇಲೆ ಮಗಳೂ ಅದೇ ಕೆಲಸಕ್ಕೆ ಸೇರಿದಳು. ಗುಡಿಸುವವರಿಗೆ ಅಲ್ಲಿ ಒಂದು ಕಟ್ಟಳೆಯಿತ್ತು. ಹಜಾರದ ನಡುವಿನ ದೊಡ್ಡ ಮೆಟ್ಟಿಲು ಹತ್ತಕೂಡದು. ಕಟ್ಟಡವನ್ನು ಪೂರ್ತಿ ಸುತ್ತಿಕೊಂಡು, ಹೆಣದ ಕೋಣೆ ದಾಟಿ, ಹಿಂದಿನ ಕಬ್ಬಿಣದ ಮೆಟ್ಟಿಲಲ್ಲೇ ಓಡಾಡಬೇಕು. ವಾರ್ಡಿನಲ್ಲಿ ಬಾಯಿ ಬಿಡಕೂಡದು. ಒಳಗೆ ಕಾಲಿಡುವ ಮೊದಲು ತಗಡಿನ ಬಕೆಟ್ಟಿನ ಹಿಡಿಯನ್ನು ಎತ್ತಿ ಬಿಡಬೇಕು. ಟಣ್, ಟಣ್. ಆ ಸದ್ದು ಕೇಳಿದರೆ ಗಲೀಜು ಬರುತ್ತಿದೆ ಎಂದು ಅರ್ಥ. ಡಾಕ್ಟರುಗಳು ಪಕ್ಕಕ್ಕೆ ಸರಿಯುತ್ತಿದ್ದರು. ರೋಗಿಗಳ ಕಡೆಯವರು ಬಾಗಿಲು ಎಳೆದುಕೊಳ್ಳುತ್ತಿದ್ದರು.

"ಬಕೆಟ್ಟೇ ನಿಮ್ಮ ಬಾಯಿ. ತಿಳೀತಾ?" ಎಂದು ದೊಡ್ಡ ಸಿಸ್ಟರು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದಳು. ಆಯಮ್ಮ ತಲೆಯಾಡಿಸಿದ್ದಳು. ಬಡವಾ ನೀ ಮಡಗ್ದಂಗಿರು ಎಂದು ಹಿರಿಯರು ಹೇಳಿಕೊಟ್ಟಿದ್ದರು. ಅವಳು ಮಡಗಿದ ಹಾಗೆಯೇ ಇದ್ದಳು.

ಮಗಳು ಸತ್ತಳು. ಕೆಲವು ವರ್ಷಕ್ಕೆ ಮಾಲೀಕರ ಮಕ್ಕಳು ತಮ್ಮ ತಮ್ಮಲ್ಲೇ ಕಚ್ಚಾಡಿ ಆಸ್ಪತ್ರೆಗೆ ಬೀಗ ಹಾಕಿದರು. ಆಮೇಲೆ ಶುರುವಾಯಿತು ದೆವ್ವದ ಕಥೆ. ಖಾಲಿ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಮಧ್ಯಾಹ್ನದ ಹೊತ್ತು ಬಕೆಟ್ಟಿನ ಸದ್ದು ಕೇಳುತ್ತದಂತೆ. ಗುಡಿಸುವ ಹೆಂಗಸೊಬ್ಬಳು ಇನ್ನೂ ಗುಡಿಸುತ್ತಲೇ ಇದ್ದಾಳಂತೆ. ರಸ್ತೆಯಲ್ಲಿ ಹೋಗುವವರು ಕೇಳಿ ಓಡಿದರು. ಓಡಿದವರು ಕಥೆಗೆ ಕಾಲು ಬಾಲ ಸೇರಿಸಿದರು.

ಆ ದೆವ್ವ ಆಯಮ್ಮನೇ.

ಗೋಡೆ ಬಿದ್ದ ಕಡೆಯಿಂದ ಒಳಗೆ ನುಸುಳಿ, ಮೇಲೆ ಹೋಗಿ, ಮಗಳು ಸತ್ತ ಬಚ್ಚಲಿನಲ್ಲಿ ಕೂತು, ಅಲ್ಲೇ ಬಿದ್ದಿದ್ದ ಬಕೆಟ್ಟಿನ ಹಿಡಿ ಎತ್ತಿ ಬಿಡುತ್ತಿದ್ದಳು. ಯಾರಾದರೂ ಬರುತ್ತಾರಾ ನೋಡೋಣ ಅಂತ. ಒಬ್ಬರಾದರೂ ಬಂದು, ಏನಾಯ್ತಮ್ಮಾ ಅಂತ ಕೇಳುತ್ತಾರಾ ಅಂತ. ಅಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯೂ ಬರಲಿಲ್ಲ. ಎಲ್ಲರೂ ಓಡಿಯೇ ಹೋದರು.

ಇದನ್ನೆಲ್ಲ ಗುಬ್ಬಿಗೆ ಹೇಳಿರಲಿಲ್ಲ. "ನಿಮ್ಮಮ್ಮ ಆಸ್ಪತ್ರೆಯಲ್ಲಿ ಹೆರಿಗೆ ಆಗಿ ಹೋದಳು" ಎಂದಷ್ಟೇ ಹೇಳಿದ್ದಳು. ಕೇಳಿದವರು ಹಾಸಿಗೆ, ಡಾಕ್ಟರು, ಬಿಸಿನೀರು ಎಲ್ಲವನ್ನೂ ತಾವೇ ಊಹಿಸಿಕೊಳ್ಳುತ್ತಾರೆ. ಗುಬ್ಬಿಯೂ ಊಹಿಸಿಕೊಂಡಿದ್ದಳು. ಹೆರಿಗೆ ವಾರ್ಡು ಒಡೆದು ಮಾಡಿದ ಕೋಣೆಗಳಿಗೆ ಹಾಸಿಗೆಗಳು ಬಂದ ದಿನ ಅವಳು ಕೇಳಿದಳು.

"ಅಮ್ಮ ಯಾವ ಕಡೆ ಮಲಗಿದ್ದಳು ಅಜ್ಜಿ?"

ಆಯಮ್ಮನ ಕೈ ತಾನಾಗಿ ಮೇಲೆದ್ದು ಕಿಟಕಿಯ ಕಡೆ ತೋರಿಸಿತು. "ಅಲ್ಲಿ. ಕಿಟಕಿ ಪಕ್ಕ. ಗಾಳಿ ಬರ್ತಿತ್ತು."

ಅಂದಿನಿಂದ ಗುಬ್ಬಿ ಕಿಟಕಿಯ ಪಕ್ಕದ ಹಾಸಿಗೆಯನ್ನು ಬೇರೆಯೇ ಥರ ಹಾಸತೊಡಗಿದಳು. ಹೊದಿಕೆಯ ಸುಕ್ಕನ್ನು ಅಂಗೈಯಿಂದ ನೇವರಿಸಿ ನೇವರಿಸಿ ತೆಗೆಯುತ್ತಿದ್ದಳು. ದಿಂಬಿಗೆ ಒಂದು ಸಲ ಕೆನ್ನೆ ಒತ್ತಿ ಏಳುತ್ತಿದ್ದಳು. ಆಯಮ್ಮ ನೋಡಲಾರದೆ ಮುಖ ತಿರುಗಿಸಿಕೊಳ್ಳುತ್ತಿದ್ದಳು. ಹಾಳಾದ್ದು, ಒಂದು ಸುಳ್ಳು ಇಷ್ಟು ಚೆನ್ನಾಗಿ ಹಾಸಿಕೊಂಡು ಮಲಗಿರುವಾಗ ಎಬ್ಬಿಸುವುದಾದರೂ ಹೇಗೆ?

ದೆವ್ವದ ಸುದ್ದಿಯನ್ನು ಮೊದಲು ಮ್ಯಾನೇಜರು ಮುಚ್ಚಿಡಲು ನೋಡಿದ. ಒಂದು ದಿನ ಹೋಟೆಲಿನ ಮಾಲೀಕ ಬಂದ. ಬೂಟು ಟಪಟಪ ಅನ್ನಿಸಿಕೊಂಡು ಎಲ್ಲ ಕಡೆ ಓಡಾಡಿ, ಪೇಂಟರನ ಬಾಯಿಂದ ಬಕೆಟ್ಟಿನ ಕಥೆ ಕೇಳಿ ತೊಡೆ ತಟ್ಟಿದ.

"ಅಯ್ಯೋ ಪೆದ್ದ, ಇದನ್ಯಾಕೆ ಬಚ್ಚಿಡ್ತೀಯ? ಇದನ್ನೇ ಮಾರು. ಮಲಗೋಕೆ ಊರು ತುಂಬ ಹೋಟೆಲಿದೆ. ಹೆದರೋಕೆ ಎಲ್ಲಿದೆ?"

ಅಲ್ಲಿಗೆ ಎಲ್ಲ ಬದಲಾಯಿತು. ಹೊಸ ಬಣ್ಣದ ಮೇಲೆ ಹಳೆಯದರ ಹಾಗೆ ಕಾಣುವ ಕಲೆ ಬಳಿಯಲು ಪೇಂಟರಿಗೆ ಹೇಳಿದರು. ಆಯಮ್ಮ ಮೈ ಮುರಿದು ತೆಗೆದ ಕಲೆಗಳನ್ನು ಅವನು ಕುಂಚದಲ್ಲಿ ಮತ್ತೆ ಬರೆದ. ಆಟ ಹೀಗೆ: ಸಂಜೆ ದೀಪ ಹೊತ್ತಿದ ಮೇಲೆ ಬಿಳಿ ನಿಲುವಂಗಿ ತೊಟ್ಟ ದೆವ್ವ ಬಕೆಟ್ಟು ಬಡಿಯುತ್ತ ಮೇಲಿನ ಹಜಾರದಲ್ಲಿ ನಡೆಯಬೇಕು. ಸದ್ದು ಕೇಳಿದ ಕೂಡಲೇ ಗೆಸ್ಟುಗಳು ಬಾಗಿಲು ಹಾಕಿಕೊಳ್ಳಬೇಕು. ಹಾಕಿಕೊಳ್ಳದವರನ್ನು ದೆವ್ವ ಹಿಡಿಯುತ್ತದೆ. ದೆವ್ವ ಮಾತಾಡಕೂಡದು. ಮೆಟ್ಟಿಲ ವಿಷಯವೂ ಹಳೆಯದೇ. ಕೆಲಸದವರು ಗೆಸ್ಟುಗಳ ಕಣ್ಣಿಗೆ ಬೀಳದ ಹಾಗೆ ಕಬ್ಬಿಣದ ಮೆಟ್ಟಿಲಲ್ಲೇ ಓಡಾಡಬೇಕು ಎಂದು ಮ್ಯಾನೇಜರು ಸಾರಿದ. ಆಯಮ್ಮ ಮತ್ತೆ ತಲೆಯಾಡಿಸಿದಳು.

ದೆವ್ವದ ಪಾತ್ರಕ್ಕೆ ಆರಿಸಿದ್ದು ಗುಬ್ಬಿಯನ್ನು.

ಹೋಟೆಲು ಶುರುವಾಗುವ ಹಿಂದಿನ ದಿನ ಗುಬ್ಬಿ ನಿಲುವಂಗಿ ಬಗಲಲ್ಲಿಟ್ಟುಕೊಂಡು ಕುಣಿಯುತ್ತಲೇ ಮನೆಗೆ ಬಂದಳು. ಒಂದೇ ಕೋಣೆಯ ಮನೆ. ಒಲೆ, ಹಾಸಿಗೆ, ಹಗ್ಗದ ಮೇಲಿನ ಬಟ್ಟೆ ಎಲ್ಲ ಅದರಲ್ಲೇ.

"ಅಜ್ಜಿ, ನಾಳೆಯಿಂದ ಕಕ್ಕಸು ತೊಳೆಯೋದು ಬೇಡ! ಬರೀ ನಡೆಯೋದು. ನಡೆದ್ರೆ ದುಡ್ಡು! ಎಲ್ಲರೂ ನನ್ನ ಕಂಡು ಹೆದರ್ತಾರಂತೆ. ಇಷ್ಟು ದಿನ ನಾವು ಹೆದರಿದ್ದು ಸಾಲದಾ?"

ನಿಲುವಂಗಿ ತೊಟ್ಟಳು. ಕೂದಲು ಬಿಚ್ಚಿ ಮುಂದಕ್ಕೆ ಹಾಕಿಕೊಂಡಳು. ಮನೆಯ ಬಕೆಟ್ಟನ್ನೇ ಕೈಗೆತ್ತಿಕೊಂಡು ಹಿಡಿಯನ್ನು ಎತ್ತಿ ಬಿಟ್ಟಳು. ಟಣ್.

ಆಯಮ್ಮನ ಮುಂದೆ ನಿಂತಿದ್ದವಳು ಗುಬ್ಬಿಯಲ್ಲ. ಅದೇ ಗಲ್ಲ, ಅದೇ ಭುಜ, ಬಕೆಟ್ಟಿನ ಭಾರಕ್ಕೆ ಅದೇ ಥರ ಬಾಗಿದ ಸೊಂಟ. ಆಯಮ್ಮ ಎದ್ದು ಬಕೆಟ್ಟು ಕಿತ್ತುಕೊಂಡು ಮೊಮ್ಮಗಳ ಕೆನ್ನೆಗೆ ಬಾರಿಸಿದಳು. ಹುಟ್ಟಿದಾಗಿನಿಂದ ಒಂದು ಏಟು ಹೊಡೆದವಳಲ್ಲ. ಗುಬ್ಬಿ ಕೆನ್ನೆ ಹಿಡಿದು ನಿಂತಳು. ಅಳುವುದನ್ನೂ ಮರೆತಿದ್ದಳು.

"ಕೂತ್ಕೋ. ಹೇಳ್ತೀನಿ. ಕಿಟಕಿ ಪಕ್ಕ ಅಂದೆನಲ್ಲ, ಸುಳ್ಳು ಕಣೇ. ನಿಮ್ಮಮ್ಮನಿಗೆ ಹಾಸಿಗೆಯೇ ಸಿಗಲಿಲ್ಲ."

ಹೇಳಿದಳು. ತುಂಬು ಬಸುರಿ ಮಗಳು ಅಂದು ಬೆಳಿಗ್ಗೆಯೇ ಸೊಂಟ ನೋವು ಎಂದಿದ್ದಳು. ದೊಡ್ಡ ಸಿಸ್ಟರು, ಹೆರಿಗೆ ವಾರ್ಡಿನ ಬಚ್ಚಲು ತೊಳೆದಿಟ್ಟು ಮನೆಗೆ ಹೋಗು ಎಂದಳು. ಗುಡಿಸುವವರನ್ನು ಆ ಹಾಸಿಗೆಗಳ ಮೇಲೆ ಮಲಗಿಸುವ ಪದ್ಧತಿ ಇರಲಿಲ್ಲ. ಮಲಗಿಸಿದರೆ ದುಡ್ಡು ಕೊಟ್ಟವರು ಮುಖ ಸಿಂಡರಿಸುತ್ತಿದ್ದರು. ತೊಳೆಯುತ್ತಿರುವಾಗಲೇ ನೋವು ಹೆಚ್ಚಾಯಿತು. ಒದ್ದೆ ನೆಲದ ಮೇಲೆ ಬಿದ್ದಳು. ಒಂದೇ ಗೋಡೆಯ ಆಚೆ ಖಾಲಿ ಹಾಸಿಗೆ, ನರ್ಸುಗಳು, ಔಷಧಿ ಎಲ್ಲ ಇತ್ತು. ಬಾಯಿ ಬಿಡಕೂಡದು ಎಂದು ಕಲಿಸಿದ್ದರಲ್ಲ, ಅವಳು ಬಕೆಟ್ಟು ಬಡಿದಳು. ಬಡಿದಳು, ಬಡಿದಳು. ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಗಲೀಜು ಬರುತ್ತಿದೆ ಎಂದು ಎಲ್ಲರೂ ಒಳಗೆ ಸರಿದರು.

"ನೀನು ಎಲ್ಲಿದ್ದೆ ಅಜ್ಜಿ?"

"ಕೆಳಗೆ. ಹಿತ್ತಲ ತೊಟ್ಟಿ ಹತ್ರ ಬಟ್ಟೆ ಒಗೀತಿದ್ದೆ. ನನಗೂ ಕೇಳಿಸ್ತು." ಆಯಮ್ಮ ಬಕೆಟ್ಟನ್ನು ಪಕ್ಕಕ್ಕೆ ಸರಿಸಿದಳು. "ಪಕ್ಕದವಳಿಗೆ ಹೇಳಿದೆ ಕಣೇ. ನೋಡು, ತುಂಬು ಬಸುರಿ ಆದ್ರೂ ಎಷ್ಟು ಜೋರಾಗಿ ಕೆಲಸ ಮಾಡ್ತಾಳೆ ನನ್ನ ಮಗಳು ಅಂತ. ಹೆಮ್ಮೆಯಿಂದ ಹೇಳಿದೆ."

ಗುಬ್ಬಿ ಬಿಚ್ಚಿದ ಕೂದಲನ್ನು ಮುಖದಿಂದ ಸರಿಸಿ ಅಜ್ಜಿಯನ್ನು ನೋಡಿದಳು.

"ಬಕೆಟ್ಟು ನಿಂತು ನಿನ್ನ ಅಳು ಕೇಳಿಸ್ತು. ಓಡಿದೆ. ಎಲ್ಲಿಗೆ ಓಡಿದೆ ಗೊತ್ತಾ? ಕಬ್ಬಿಣದ ಮೆಟ್ಟಿಲಿಗೆ. ಸುತ್ತು ಹಾಕ್ಕೊಂಡು. ಎದುರಿಗೇ ದೊಡ್ಡ ಮೆಟ್ಟಿಲಿತ್ತು. ತಲೆಗೇ ಹೊಳೀಲಿಲ್ಲ. ನಾನು ಹೋಗೋ ಹೊತ್ತಿಗೆ ನೀನು ಬೆಚ್ಚಗಿದ್ದೆ, ಅವಳು ತಣ್ಣಗಾಗ್ತಿದ್ದಳು. ಕಣ್ಣು ಬಾಗಿಲ ಮೇಲೇ ಇತ್ತು."

ಆಮೇಲೆ ದೊಡ್ಡ ಡಾಕ್ಟರು ಬಂದು ಕೇಳಿದ್ದ, ಕೂಗೋಕೆ ಏನಾಗಿತ್ತು ಇವಳಿಗೆ, ಬಾಯಿ ಇರಲಿಲ್ವಾ ಅಂತ. ಅದೇ ಬಾಯಿಗೆ ಬೀಗ ಹಾಕಿದ ಸಿಸ್ಟರು ಪಕ್ಕದಲ್ಲೇ ನಿಂತಿದ್ದಳು. ತಪ್ಪು ಸತ್ತವಳದ್ದೇ ಆಯಿತು. ಸತ್ತವರು ಒಪ್ಪಿಕೊಳ್ಳದೆ ಇರುತ್ತಾರಾ?

ಮಾರನೆಯ ಬೆಳಿಗ್ಗೆ ಇಬ್ಬರೂ ಮ್ಯಾನೇಜರ ಮುಂದೆ ನಿಂತರು. ಆಯಮ್ಮ ಕೈ ಮುಗಿದಳು. "ಬೇರೆ ಏನು ಬೇಕಾದ್ರೂ ಮಾಡಿಸಿ ಸಾರ್. ಬಕೆಟ್ಟಿನ ಆಟ ಒಂದು ಬೇಡ. ಅದು ನನ್ನ ಮಗಳು" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮ್ಯಾನೇಜರ ಮುಖ ಮೊದಲು ಮೆತ್ತಗಾಯಿತು. ಆಮೇಲೆ ಅರಳಿತು.

"ಛೆ, ಪಾಪ. ಆದ್ರೆ ನಿಜವಾದ ಕಥೆ ಇದ್ರೆ ಇನ್ನೂ ಒಳ್ಳೇದಲ್ವಾ ಅಜ್ಜಿ? ಮಗಳ ಫೋಟೋ ಇದೆಯಾ? ಹಜಾರದಲ್ಲಿ ಹಾಕೋಣ. ಅವರಿಗೂ ಒಂದು ಗೌರವ."

"ಫೋಟೋ ತೆಗೆಸೋಕೆ ಯಾರಿಗಿತ್ತು ಸಾರ್."

"ಇರ್ಲಿ ಬಿಡಿ. ಅವರ ಮಗಳೇ ಇದಾಳಲ್ಲ, ಅದೇ ಸಾಕು. ನೋಡಿ, ಗೆಸ್ಟುಗಳು ಮಧ್ಯಾಹ್ನವೇ ಬರ್ತಾರೆ. ಆಗಲ್ಲ ಅಂದ್ರೆ ಇಬ್ಬರೂ ಈಗಲೇ ನಡೀರಿ. ಬೇರೆಯವರನ್ನ ನೋಡ್ಕೋತೀನಿ."

ಸತ್ತ ಎಮ್ಮೆಗೆ ಸೇರು ಹಾಲು ಎಂಬ ಗಾದೆ ಆಯಮ್ಮನಿಗೆ ನೆನಪಾಯಿತು. ಇಲ್ಲಿ ಎಮ್ಮೆ ಸತ್ತು ಇಪ್ಪತ್ತು ವರ್ಷವಾದ ಮೇಲೆ ಬಂದು ಹಾಲು ಕರೆಯುತ್ತಿದ್ದಾರೆ. ಬಾ ಗುಬ್ಬಿ ಹೋಗೋಣ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಗುಬ್ಬಿ ತಲೆ ಎತ್ತದೆ ಹೇಳಿದಳು.

"ಮಾಡ್ತೀನಿ ಸಾರ್."

ಆಯಮ್ಮ ಹಿಡಿದು ಕೇಳೋಣವೆಂದರೆ ಗುಬ್ಬಿ ದಿನವಿಡೀ ಕೈಗೆ ಸಿಗಲಿಲ್ಲ. ಎದುರಾದಾಗ ಮುಖ ತಪ್ಪಿಸಿಕೊಂಡಳು. ಹಸಿವು ಯಾರನ್ನು ಬಿಟ್ಟಿದೆ, ಇವಳನ್ನು ಬಿಡಲು ಎಂದು ಆಯಮ್ಮ ತನಗೆ ತಾನೇ ಹೇಳಿಕೊಂಡಳು. ಸಮಾಧಾನವಾಗಲಿಲ್ಲ. ಸಂಜೆ ಹಿತ್ತಲಿನ ತೊಟ್ಟಿಯ ಬಳಿ ಹೊದಿಕೆಗಳನ್ನು ಒಗೆಯಲು ಕೂತಳು. ಅದೇ ತೊಟ್ಟಿ, ಅದೇ ಕಲ್ಲು. ನೀರಲ್ಲಿ ಕೈ ಆಡಿಸುತ್ತಿದ್ದಳೇ ಹೊರತು ಒಗೆಯುತ್ತಿರಲಿಲ್ಲ. ಕಿವಿ ಮೇಲಿತ್ತು. ಇನ್ನೇನು ಸದ್ದಾಗುತ್ತದೆ. ಇನ್ನೇನು ಮಗಳು ಎರಡನೇ ಸಲ ಸಾಯುತ್ತಾಳೆ. ಈ ಸಲ ಕೊಲ್ಲುವ ಕೈ ಮಗಳ ಮಗಳದ್ದೇ.

ಮೇಲೆ ದೀಪಗಳು ಮಬ್ಬಾದವು. ಗೆಸ್ಟುಗಳ ನಗು ಕೇಳಿಸಿತು. ಯಾರೋ ಶ್ ಎಂದರು.

ಟಣ್.

ಒಂದೇ ಸಲ. ಆಮೇಲೆ ಬಕೆಟ್ಟನ್ನು ನೆಲಕ್ಕೆ ಬೋರಲು ಕುಕ್ಕಿದ ಸದ್ದು. ಅದರ ಹಿಂದೆಯೇ ಒಂದು ಕೂಗು.

"ಬಾಗಿಲು ತೆಗೀರಿ!"

ಬಾಗಿಲುಗಳು ಧಡಧಡ ಮುಚ್ಚಿಕೊಂಡವು.

"ತೆಗೀರಿ! ಇಲ್ಲಿ ನಮ್ಮಮ್ಮ ಸಾಯುವಾಗ ಯಾರೂ ತೆಗೀಲಿಲ್ಲ. ಇದೇ ಬಕೆಟ್ಟು ಬಡಿದು ಕರೆದಳು. ಎಲ್ಲರೂ ಬಾಗಿಲು ಹಾಕ್ಕೊಂಡ್ರು. ನಾನು ಬಾಯಲ್ಲೇ ಕೇಳ್ತಾ ಇದೀನಿ. ನೀವಾದ್ರೂ ತೆಗೀರಿ!"

ಗುಬ್ಬಿ ಒಂದೊಂದು ಬಾಗಿಲನ್ನೂ ಅಂಗೈಯಿಂದ ಬಡಿಯುತ್ತಿದ್ದಳು. ಒಳಗಿನಿಂದ ಕಿರುಚಿದರು, ನಕ್ಕರು. ಯಾರೋ ಶಿಳ್ಳೆ ಹೊಡೆದರು. "ಅಬ್ಬಾ, ಎಂಥ ಆಕ್ಟಿಂಗ್!" ಎಂದಿತು ಒಂದು ಗಂಡು ಧ್ವನಿ. ಚಪ್ಪಾಳೆ ಬಿತ್ತು. ಗುಬ್ಬಿಯ ಧ್ವನಿ ಒಡೆಯಿತು. ಅಳು ಬಂತು. ಅಳುವಿನೊಳಗಿಂದ ಪುಟ್ಟ ಮಗುವಿನ ಹಾಗೆ ಒಂದೇ ಮಾತು.

"ಅಜ್ಜೀ... ಯಾರೂ ತೆಗೀತಾ ಇಲ್ಲ ಅಜ್ಜೀ..."

ಆಯಮ್ಮ ಎದ್ದಳು. ಒದ್ದೆ ಹೊದಿಕೆ ಕಾಲಿಗೆ ತೊಡರಿತು, ಒದ್ದಳು. ಮೈ ಅಭ್ಯಾಸದಂತೆ ಕಟ್ಟಡದ ಮೂಲೆಯ ಕಡೆ, ಕಬ್ಬಿಣದ ಮೆಟ್ಟಿಲ ಕಡೆ ತಿರುಗಿತು. ಎರಡು ಹೆಜ್ಜೆ ಹಾಕಿಯೂ ಆಗಿತ್ತು. ಗಕ್ಕನೆ ನಿಂತಳು. ಹಿತ್ತಲ ಬಾಗಿಲಿನಿಂದ ಹಜಾರಕ್ಕೆ ನುಗ್ಗಿದಳು. ನೀರು ಸುರಿಯುವ ಬಟ್ಟೆಯಲ್ಲಿ, ಕೆಸರುಗಾಲಲ್ಲಿ, ಹೊಳೆಯುವ ಕಲ್ಲಿನ ಮೇಲೆ.

"ಏ ಅಜ್ಜಿ! ಅಲ್ಲಲ್ಲ! ಹಿಂದಿನಿಂದ ಹೋಗು!" ಎಂದು ಮ್ಯಾನೇಜರು ಕೂಗಿದ.

"ಬಂದೆ ಕಣೇ!" ಎಂದಳು ಆಯಮ್ಮ. ಆ ಕಟ್ಟಡದೊಳಗೆ ಅವಳು ಧ್ವನಿ ಎತ್ತಿದ್ದು ಅದೇ ಮೊದಲು. "ಬಂದೆ ಮಗಳೇ, ಬಂದೆ!"

ಸೊಟ್ಟ ಮೊಣಕಾಲಿನಲ್ಲೇ ದೊಡ್ಡ ಮೆಟ್ಟಿಲು ಹತ್ತಿದಳು. ಉಸಿರು ಕಟ್ಟುವ ಮೊದಲೇ ಮೆಟ್ಟಿಲು ಮುಗಿದುಹೋಯಿತು. ಎದುರಿಗೇ ಹಜಾರ. ಎದುರಿಗೇ ಆ ಬಚ್ಚಲಿದ್ದ ಜಾಗ. ಎದುರಿಗೇ ನೆಲದ ಮೇಲೆ ಕುಸಿದು ಕೂತ ಬಿಳಿ ನಿಲುವಂಗಿಯ ಹುಡುಗಿ. ಆಯಮ್ಮ ನಿಂತಲ್ಲೇ ನಿಂತಳು. ಹಿಂದಕ್ಕೆ ತಿರುಗಿ ಹತ್ತಿ ಬಂದ ಮೆಟ್ಟಿಲು ನೋಡಿದಳು. ಮತ್ತೆ ಮೊಮ್ಮಗಳನ್ನು ನೋಡಿದಳು. ಹತ್ತಿರ ಹೋಗಿ ಗುಬ್ಬಿಯನ್ನು ಎದೆಗೆ ಒತ್ತಿಕೊಂಡಳು.

ಬಾಗಿಲ ಸಂದಿಗಳಲ್ಲಿ ಕಣ್ಣುಗಳು ಕಂಡವು. ಇನ್ನಷ್ಟು ಚಪ್ಪಾಳೆ. ಓಡಿ ಬಂದ ಮ್ಯಾನೇಜರು ಬಯ್ಯಲೆಂದು ಎತ್ತಿದ ಕೈಯನ್ನು ಚಪ್ಪಾಳೆ ಕೇಳಿ ಕೆಳಗಿಳಿಸಿದ. ಮೆಲ್ಲಗೆ ಬಗ್ಗಿ ಹೇಳಿದ:

"ಸೂಪರ್ ಅಜ್ಜಿ. ನಾಳೆಯಿಂದ ಇದನ್ನೇ ಇಟ್ಕೊಳ್ಳೋಣ. ನೀವೂ ಬನ್ನಿ, ಹೀಗೇ ಅಳ್ತಾ."

ಗುಬ್ಬಿ ಎದ್ದಳು. ನಿಲುವಂಗಿಯನ್ನು ತಲೆಯ ಮೇಲಿಂದ ಕಿತ್ತು ಅವನ ಕಾಲ ಬಳಿ ಎಸೆದಳು. ಒಳಗೆ ಅವಳದೇ ತೇಪೆ ಹಾಕಿದ ಅಂಗಿ ಇತ್ತು.

"ನಮ್ಮಮ್ಮನ್ನ ಮಾರಲ್ಲ. ನಡಿ ಅಜ್ಜಿ."

ಬಕೆಟ್ಟನ್ನು ಎತ್ತಿಕೊಂಡು ಅಜ್ಜಿಯ ಕೈ ಹಿಡಿದು ದೊಡ್ಡ ಮೆಟ್ಟಿಲನ್ನೇ ಇಳಿದಳು. ನಡುವೆ ಬಂದ ಮೇಲೆ ಆಯಮ್ಮನ ಕಾಲು ಮುಂದೆ ಬರಲಿಲ್ಲ. ಅಲ್ಲೇ ಕೂತುಬಿಟ್ಟಳು. ಮೆಟ್ಟಿಲಿನ ನಟ್ಟ ನಡುವೆ. ಗುಬ್ಬಿ ಪಕ್ಕದಲ್ಲಿ ಕೂತು ಬಕೆಟ್ಟನ್ನು ಇನ್ನೊಂದು ಪಕ್ಕ ಇಟ್ಟಳು. ದಾರಿ ಪೂರ್ತಿ ಮುಚ್ಚಿತು. ಕೆಳಗೆ ಹೊಸದಾಗಿ ಬಂದ ಗೆಸ್ಟುಗಳು ಪೆಟ್ಟಿಗೆ ಹಿಡಿದು ನಿಂತಿದ್ದರು.

"ಏಳಿ! ಇಲ್ಲಿ ಕೂರೋ ಹಾಗಿಲ್ಲ" ಎಂದ ಮ್ಯಾನೇಜರು. "ಪೊಲೀಸರಿಗೆ ಫೋನ್ ಮಾಡ್ತೀನಿ."

"ಮಾಡಿ ಸಾರ್" ಎಂದಳು ಆಯಮ್ಮ. "ಕರೆದ್ರೆ ಬರೋರು ಯಾರಾದ್ರೂ ಇದ್ದಾರಾ ಅಂತ ನಾನೂ ನೋಡ್ತೀನಿ. ಇಷ್ಟು ದಿನ ಮಡಗಿದ ಹಾಗೆ ಇದ್ದೆ. ಈಗ ನನ್ನನ್ನ ನಾನೇ ಇಲ್ಲಿ ಮಡಗ್ಕೊಂಡಿದೀನಿ. ಏಳಲ್ಲ."

ಬೇರೆ ದಾರಿ ಕಾಣದೆ ಮ್ಯಾನೇಜರು ಗೆಸ್ಟುಗಳನ್ನು ಹೊರಗೆ ಕರೆದುಕೊಂಡು ಹೋದ. ಕಟ್ಟಡ ಸುತ್ತಿ, ಹೆಣದ ಕೋಣೆ ದಾಟಿ, ಕಬ್ಬಿಣದ ಮೆಟ್ಟಿಲಲ್ಲಿ ಅವರು ಏದುಸಿರು ಬಿಡುತ್ತ ಹತ್ತುವುದು ಒಳಗೆ ಕೇಳಿಸುತ್ತಿತ್ತು. ಎಷ್ಟು ದೂರ ಇದು, ಎಂದು ಒಬ್ಬಳು ಗೊಣಗಿದಳು. ಆಯಮ್ಮ ಅದನ್ನು ಕೇಳಿಸಿಕೊಂಡಳು. ತಲೆ ಎತ್ತಿ ಮೆಟ್ಟಿಲಿನ ಮೇಲ್ತುದಿ ನೋಡಿದಳು. ತಲೆ ತಗ್ಗಿಸಿ ಹಿತ್ತಲಿನ ಬಾಗಿಲಾಚೆ ತೊಟ್ಟಿ ನೋಡಿದಳು. ಎರಡೂ ಕೂತಲ್ಲಿಂದಲೇ ಕಾಣುತ್ತಿದ್ದವು. ಆಗ ಅವಳ ಗಂಟಲು ಬಿಚ್ಚಿತು. ಎದೆ ಬಡಿದುಕೊಂಡು, ಕೇಳುವವರೆಲ್ಲ ಕೇಳಲಿ ಎಂಬಂತೆ ದೊಡ್ಡ ಧ್ವನಿ ತೆಗೆದು ಅತ್ತಳು.

"ಇಷ್ಟೇ ದೂರ ಇತ್ತಲ್ಲೇ ಗುಬ್ಬಿ! ನನ್ನ ಮಗಳು ಇಷ್ಟೇ ದೂರದಲ್ಲಿದ್ದಳಲ್ಲೇ!"